ಕೊನೆಗೆ ಬರೆದ ಬಾವುಟ

ಆಗ ಮನೆಯಲ್ಲಿದ್ದಷ್ಟು ಹೊತ್ತೂ ನಾನು ಮಾತಾಡುತ್ತಲೇ ಇರಬೇಕಿತ್ತು. ಮಾತು ನಿಲ್ಲಿಸಿದರೆ ನನ್ನ ಗಂಡನ ಪಾಲಿಗೆ ನಾನು ಇರುತ್ತಿರಲಿಲ್ಲ.

ಹೆಂಡತಿ ಯಾವಾಗ ಬಾಯಿ ಮುಚ್ಚುತ್ತಾಳೋ ಅಂತ ಕಾಯುವ ಗಂಡಂದಿರನ್ನು ಹುಬ್ಬಳ್ಳಿ ತುಂಬ ನೋಡಿದ್ದೇನೆ. ನನ್ನದು ಉಲ್ಟಾ. ಬೆಳಿಗ್ಗೆ ಕಣ್ಣು ಬಿಟ್ಟ ಕೂಡಲೇ "ಎದ್ದೆ ನೋಡ್ರಿ" ಅನ್ನಬೇಕು. ಹಾಲು ಕಾಯಿಸುತ್ತಿದ್ದೇನೆ, ಕಸ ಹೊಡೆಯುತ್ತಿದ್ದೇನೆ, ನಿಮ್ಮ ಬಲಕ್ಕೆ ಬಂದೆ, ಎಡಕ್ಕೆ ಹೋದೆ, ಎಲ್ಲ ಹೇಳಬೇಕು. ರೊಟ್ಟಿ ಬಡಿಯುವ ಹೊತ್ತಿನಲ್ಲಿ ಮಾತ್ರ ಸ್ವಲ್ಪ ಆರಾಮ, ಆ ಸಪ್ಪಳವೇ ನನ್ನ ಪರವಾಗಿ ಮಾತಾಡುತ್ತಿತ್ತು. ಹೇಳಲು ಏನೂ ಉಳಿಯದಿದ್ದಾಗ ಮಗ್ಗಿ ಹೇಳುತ್ತಿದ್ದೆ. ಹದಿನೇಳರ ಮಗ್ಗಿ ನನಗೆ ಶಾಲೆಯಲ್ಲೂ ಬರುತ್ತಿರಲಿಲ್ಲ. ಇವರು ಪಡಸಾಲೆಯಿಂದಲೇ ತಿದ್ದುತ್ತಿದ್ದರು. ರಾತ್ರಿ ಮಲಗುವಷ್ಟರಲ್ಲಿ ಗಂಟಲು ಒಡೆದುಹೋಗಿರುತ್ತಿತ್ತು. ಸಾಕಾಗಿತ್ತು ಅಂದರೆ ಸಾಕಾಗಿತ್ತು.

ಇವರು ಅಂದರೆ ಮಹಾಂತೇಶ. ರೈಲ್ವೆ ಕಂಟ್ರೋಲ್ ಆಫೀಸಿನಲ್ಲಿ ಕೂತು ಯಾವ ಗಾಡಿ ಎಲ್ಲಿ ನಿಲ್ಲಬೇಕು, ಯಾವುದಕ್ಕೆ ದಾರಿ ಬಿಡಬೇಕು ಅಂತ ಜೀವಮಾನವೆಲ್ಲ ಹೇಳಿದವರು. ರಿಟೈರ್ ಆದ ವರ್ಷವೇ ತಲೆಯ ಹಿಂಭಾಗದ ಒಂದು ಮೂಲೆಗೆ ರಕ್ತ ಹೋಗುವುದು ನಿಂತಿತು. ಕೈಕಾಲಿಗೆ ಏನೂ ಆಗಲಿಲ್ಲ, ಮಾತಿಗೂ ಆಗಲಿಲ್ಲ. ಕಣ್ಣಿನ ಡಾಕ್ಟರರು ಪರೀಕ್ಷೆ ಮಾಡಿ ದೃಷ್ಟಿ ಚೊಕ್ಕ ಇದೆ ಅಂದರು. ಆದರೆ ಕಂಡದ್ದು ಏನು ಅಂತ ಇವರಿಗೆ ತಿಳಿಯುತ್ತಿರಲಿಲ್ಲ. ಮುಂದೆ ಲೋಟ ಇಟ್ಟರೆ, ಉದ್ದಕ್ಕೆ ಇದೆ, ಹೊಳೆಯುತ್ತದೆ, ಮೇಲೆ ಬಾಯಿ ತೆರೆದಿದೆ ಅನ್ನುವರು. ಲೋಟ ಅಂತ ಮಾತ್ರ ಹೊಳೆಯದು. ಕೈಯಿಂದ ಮುಟ್ಟಿದರೆ ಆ ಕ್ಷಣವೇ ಗೊತ್ತಾಗುತ್ತಿತ್ತು. ನನ್ನ ಮುಖವೂ ಅಷ್ಟೇ. ಎರಡು ಕಣ್ಣು, ಒಂದು ಮೂಗು, ಹಣೆಯ ಮೇಲೆ ಏನೋ ಕೆಂಪು. ಯಾರದು ಅಂತ ಗೊತ್ತಿಲ್ಲ. ಬಾಯಿ ತೆರೆದ ಕೂಡಲೇ "ಕಸ್ತೂರೀ" ಅಂತ ನಗುವರು.

ಒಂದು ದಿನ ಆಫೀಸಿನಿಂದ ದಣಿದು ಬಂದು ಮಾತಾಡಲು ತ್ರಾಣವಿಲ್ಲದೆ ಬಾಗಿಲಲ್ಲಿ ಸುಮ್ಮನೆ ನಿಂತೆ. ಇವರು ಕುರ್ಚಿಯಿಂದ ಎದ್ದು ಗೋಡೆಗೆ ಬೆನ್ನು ಹಚ್ಚಿದರು. ಏನದು, ಯಾರನ್ನು ಬಿಟ್ಟಿದ್ದಾರೆ ಒಳಗೆ ಅಂತ ಕೇಳಿದ ದನಿಯಲ್ಲಿ ಹೆದರಿಕೆ ಇತ್ತು. ನನ್ನ ಗಂಡ ನನ್ನನ್ನು ಕಂಡು ಹೆದರಿದ್ದು. ಅವತ್ತಿನಿಂದ ನಾನು ಬಾಯಿ ಮುಚ್ಚಲಿಲ್ಲ. ಸಿಟ್ಟು ಬಂದಾಗ ಮಾತು ಬಿಡುವ ಅನುಕೂಲವೂ ಹೋಯಿತು; ಬೈಯಬಹುದಿತ್ತು, ಮುನಿಸಿಕೊಳ್ಳುವಂತಿರಲಿಲ್ಲ.

ಆಫೀಸು ಅಂದೆನಲ್ಲ, ಅದನ್ನೂ ಹೇಳಬೇಕು. 'ದಂಡು' ಅನ್ನುವ ವಿಡಿಯೋ ಗೇಮ್ ಮಾಡುವ ಕಂಪನಿಯಲ್ಲಿ ನಾನು ಚಿತ್ರ ವಿಭಾಗದ ಮುಖ್ಯಸ್ಥೆ. ಸೀಮೆ ಕಟ್ಟುವುದು, ಕಣಜ ತುಂಬುವುದು, ದಂಡು ಸಾಕುವುದು, ಎದುರಾಳಿಯ ಕೋಟೆ ಹಿಡಿಯುವುದು, ಇಷ್ಟೇ ಆಟ. ಮೂವತ್ತು ವರ್ಷದಿಂದ ಒಂದರ ಹಿಂದೆ ಒಂದು ಬರುತ್ತಲೇ ಇದೆ. ಈಗ ಹನ್ನೆರಡನೆಯದು ತಯಾರಾಗುತ್ತಿತ್ತು. ಹನ್ನೆರಡರಲ್ಲಿ ಎತ್ತಿನ ಮೈಮೇಲೆ ನೊಣ ಕೂತರೆ ಚರ್ಮ ಅಲುಗುತ್ತದೆ. ಮಧ್ಯಾಹ್ನದ ಬಿಸಿಲಿಗೂ ಇಳಿಹೊತ್ತಿನ ಬಿಸಿಲಿಗೂ ಫರಕು ಇದೆ. ಅದನ್ನೆಲ್ಲ ಮಾಡಿಸಿದ್ದು ನಾನು.

ಇವರಿಗೆ ಅದರಲ್ಲಿ ಒಂದೂ ಹಿಡಿಸುತ್ತಿರಲಿಲ್ಲ. ಮದುವೆಗೂ ಮುಂಚಿನಿಂದ ಇವರು ಆಡಿದ್ದು ಮೂರನೇ ದಂಡು ಒಂದೇ. ಎಲ್ಲವೂ ಚಿಕ್ಕ ಚಿಕ್ಕ ಚೌಕ: ಹಳದಿ ಗುಪ್ಪೆ ಇದ್ದರೆ ಕಣಜ, ನೀಲಿ ಉಂಗುರ ಇದ್ದರೆ ಬಾವಿ, ಕೋಲಿಗೆ ತಲೆ ಇಟ್ಟ ಹಾಗಿದ್ದರೆ ಈಟಿ ಹಿಡಿದ ಆಳು. ಚಂದದಿಂದ ಏನಾಗುತ್ತದೆ, ಆಟ ಆಡುವುದು ಬಿಟ್ಟು ಎತ್ತಿನ ನೊಣ ಎಣಿಸುತ್ತ ಕೂಡಬೇಕೇನು ಅಂತ ಇವರು. ಚಂದ ಇಲ್ಲದಿದ್ದರೆ ಹೊಸಬರು ಯಾರು ಬರುತ್ತಾರೆ, ನಮ್ಮ ಮನೆಯ ಒಲೆ ಉರಿಯುವುದೇ ಆ ನೊಣದಿಂದ ಅಂತ ನಾನು. ಮದುವೆಯಾದಾಗಿನಿಂದ ಇದೇ ಜಗಳ, ಊಟದ ತಾಟಿನ ಮುಂದೆ.

ಮದುವೆಯಾದದ್ದೇ ಆ ಜಗಳದಿಂದ. ಮೂರನೇ ದಂಡಿನಲ್ಲಿ ಒಂದು ತಪ್ಪಿತ್ತು. ಯಾವ ಚಿತ್ರದ ಮೇಲೆ ಯಾವುದು ಬರಬೇಕು ಅನ್ನುವ ಸಾಲಿನಲ್ಲಿ ಎದುರಾಳಿಯ ಕೆಂಪು ಬಾವುಟವನ್ನು ಕಟ್ಟಕಡೆಗೆ ಹಾಕಿಬಿಟ್ಟಿದ್ದರು. ಕೊನೆಗೆ ಬರೆದದ್ದು ಎಲ್ಲದರ ಮೇಲೆ ಕೂಡುತ್ತದೆ. ಹಾಗಾಗಿ ಗೋಡೆ ಇರಲಿ, ಗುಡ್ಡ ಇರಲಿ, ಇನ್ನೂ ನೋಡದ ಸೀಮೆಯ ಕಪ್ಪು ಮಬ್ಬೇ ಇರಲಿ, ಅದರ ಮೇಲೆ ಆ ಬಾವುಟ ಒಂದೇ ಕಾಣುತ್ತಿತ್ತು. ಕಂಪನಿ ಸೇರಿದ ನನಗೆ ಕೊಟ್ಟ ಮೊದಲ ಕೆಲಸವೇ ನಾಲ್ಕನೆಯದರಲ್ಲಿ ಆ ತಪ್ಪು ತಿದ್ದುವುದು. ತಿದ್ದಿದೆ. ಆಮೇಲೆ ಕಂಪನಿಯವರು ಆಟಗಾರರನ್ನು ಕರೆದು ಚಹಾ ಕೊಟ್ಟ ದಿನ, ರೈಲ್ವೆ ಅಂಗಿ ತೊಟ್ಟವರೊಬ್ಬರು ನೆಟ್ಟಗೆ ಬಂದು, ಬಾವುಟ ಮುಚ್ಚಿದ ಪುಣ್ಯಾತ್ಮರು ಯಾರು ಅಂತ ಕೇಳಿದರು. ನಾನೇ ಅಂದೆ. ಆವತ್ತು ಶುರುವಾದ ವಾದ ಮುಗಿಯಲೇ ಇಲ್ಲ.

ಕಾಯಿಲೆಯಾದ ಮೇಲೆ ಒಂದು ಭಾನುವಾರ, ಕೈಗಾದರೂ ಕೆಲಸವಿರಲಿ ಅಂತ ಹಳೇ ಕಂಪ್ಯೂಟರಿನಲ್ಲಿ ಮೂರನೇ ದಂಡು ಹಚ್ಚಿಕೊಟ್ಟೆ. ಮಗ್ಗಿ ಹೇಳುತ್ತ ಕಾಯಿಪಲ್ಯ ಹೆಚ್ಚುತ್ತಿದ್ದೆ. ಸ್ವಲ್ಪ ಹೊತ್ತಿಗೆ ಗೆದ್ದಾಗಿನ ಕಹಳೆ ಕೇಳಿಸಿತು. ಓಡಿ ಬಂದು ಪರದೆಯ ಮೇಲೆ ಬೆರಳಿಟ್ಟು ಇದೇನು ಅಂದೆ. ಕಣಜ ಅಂದರು. ಇದು? ಹೇರಿನೆತ್ತು. ಇದು? ಸುಂಕದ ಕಟ್ಟೆ, ಯಾಕೆ, ನಿನಗೆ ಕಾಣುವುದಿಲ್ಲವೇನು ಅಂತ ನನಗೇ ಕೇಳಿದರು. ಪಕ್ಕದಲ್ಲಿದ್ದ ಲೋಟ ಎತ್ತಿ ಹಿಡಿದೆ. ಬಹಳ ಹೊತ್ತು ನೋಡಿ, ಗೊತ್ತಿಲ್ಲ ಅಂದರು.

ಮರುದಿನ ಧಾರವಾಡದ ಆಸ್ಪತ್ರೆಯ ಪ್ರಯೋಗಾಲಯಕ್ಕೆ ಹೋದೆವು. ಇವರ ಮಿದುಳಿನ ಚಿತ್ರ ತೆಗೆದು ನೋಡುತ್ತಿದ್ದ ಡಾಕ್ಟರ್ ನಫೀಸಾ ಮುಲ್ಲಾ ನಮ್ಮ ಅರ್ಧದಷ್ಟು ವಯಸ್ಸಿನವರು, ನಾಜೂಕು ಮಾತಿನವರು. ಇವರಿಗೆ ಆಟ ಕೊಟ್ಟು, ತಲೆಗೆ ತಂತಿಯ ಟೊಪ್ಪಿಗೆ ಹಾಕಿ, ಪರದೆಯ ಮೇಲೆ ಏನೇನೋ ನೋಡಿದರು. ಆಮೇಲೆ ನನಗೆ ತಿಳಿಯುವ ಹಾಗೆ ಹೇಳಿದರು. ವಸ್ತುವನ್ನು ನೋಡಿ ಗುರುತು ಹಿಡಿಯುವ ದಾರಿ ಇವರಲ್ಲಿ ಕಡಿದುಹೋಗಿದೆ. ಅಕ್ಷರ ಗುರುತು ಹಿಡಿಯುವ ದಾರಿ ಬೇರೆ, ಅದು ಉಳಿದಿದೆ, ಅದಕ್ಕೇ ಪೇಪರ್ ಓದುತ್ತಾರೆ. ಆಟದ ಚೌಕಗಳು ಎಷ್ಟು ವರ್ಷ ಕಣ್ಣ ಮುಂದೆ ಹಾದುಹೋಗಿವೆ ಅಂದರೆ ಅವೂ ಅಕ್ಷರಗಳ ಮನೆಗೇ ಹೋಗಿ ಸೇರಿಕೊಂಡಿವೆ.

"ಅವರು ಅದನ್ನ ನೋಡಂಗಿಲ್ರಿ ಮೇಡಂ," ಅಂದರು ನಫೀಸಾ. "ಓದ್ತಾರ."

ಆಕೆಯ ಹತ್ತಿರ ಒಂದು ಕನ್ನಡಕ ಇತ್ತು. ಅದರ ಕ್ಯಾಮೆರಾ ಎದುರಿನ ವಸ್ತು ನೋಡಿ ಗುರುತು ಹಿಡಿದು ಗಾಜಿನ ಮೇಲೆ ಅದರ ಹೆಸರು ಬರೆಯುತ್ತಿತ್ತು. ಅದು ಉಪಯೋಗಕ್ಕೆ ಬರಲಿಲ್ಲ. ಕೋಣೆ ತುಂಬ ಹೆಸರುಗಳು ಗಿಜಿಗುಟ್ಟಿ, ಇವರು 'ಬಾಗಿಲು' ಅಂತ ಓದಿ ಮುಗಿಸುವಷ್ಟರಲ್ಲಿ ಹಣೆ ಬಡಿದಿರುತ್ತಿತ್ತು. ಹೆಸರಿನ ಬದಲು ದಂಡಿನ ಚೌಕ ಹಾಕಿದರೆ ಹೇಗೆ ಅಂತ ಆಕೆ ಕೇಳಿದರು. ಕಂಪನಿಯ ಒಪ್ಪಿಗೆ ನಾನು ತಂದೆ. ಮೂರನೇ ದಂಡನ್ನು ಇದ್ದ ಹಾಗೇ ಎತ್ತಿ ಕನ್ನಡಕದೊಳಗೆ ಕೂಡಿಸಿದರು. ಒಂದು ಗೆರೆಯನ್ನೂ ಬದಲಿಸಲಿಲ್ಲ.

ಅದನ್ನು ಹಾಕಿಕೊಂಡು ಇವರು ಮನೆಯೆಲ್ಲ ಓಡಾಡಿದ ದಿನ ನಾನು ಅಡುಗೆಮನೆಯ ಮೂಲೆಯಲ್ಲಿ ಕೂತು ಅತ್ತೆ. ಫ್ರಿಜ್ಜು ಇವರಿಗೆ ಕಣಜ. ಗ್ಯಾಸ್ ಒಲೆ ಕುಲುಮೆ. ಬಚ್ಚಲು ಬಾವಿ. ಬೀದಿಯ ಸ್ಕೂಟರುಗಳೆಲ್ಲ ಕುದುರೆ. ತಾಟಿನಲ್ಲಿ ರೊಟ್ಟಿಯೂ ಧಾನ್ಯದ ಚೌಕ, ಪುಂಡಿಪಲ್ಯವೂ ಧಾನ್ಯದ ಚೌಕ, ಕೈಯಿಂದ ಮುಟ್ಟಿ ಯಾವುದು ಯಾವುದು ಅಂತ ತಿಳಿದುಕೊಳ್ಳುವರು. ಸಂತೆಯಿಂದ ಬಂದು, ಇಡೀ ಹುಬ್ಬಳ್ಳಿ ದಂಡೆದ್ದು ನಿಂತಿದೆ ಅಂತ ನಗುವರು.

ಒಂದೇ ಕೊರತೆ. ಮೂರನೇ ದಂಡಿನಲ್ಲಿ ಮನುಷ್ಯ ಅಂದರೆ ಈಟಿ ಹಿಡಿದ ಆಳು, ಅಷ್ಟೇ. ಹೆಂಗಸರ ಚೌಕ ಒಂದೂ ಇಲ್ಲ. ಹಾಲಿನವನೂ ಆಳು, ಪಕ್ಕದ ಮನೆಯವರೂ ಆಳು, ನಾನೂ ಆಳು. ಹೀಗಾಗಿ ನನ್ನ ಮಗ್ಗಿ ತಪ್ಪಲಿಲ್ಲ.

ನಮ್ಮ ಕಂಪನಿಯ ನಿರ್ದೇಶಕರು ಪ್ರಹ್ಲಾದ ಕಟ್ಟಿಯವರು. ಕೆಟ್ಟ ಮನುಷ್ಯರಲ್ಲ. ಕನ್ನಡಕದ ಸುದ್ದಿ ತಿಳಿದು ಖುಷಿಯಾದರು, ಇಂಥ ರೋಗಿಗಳಿಗೆಲ್ಲ ಕಂಪನಿಯಿಂದಲೇ ಕೊಡೋಣ ಅಂದರು. ಆದರೆ ಈ ಹಳೇ ಚೌಕ ನೋಡಿದರೆ ಮಂದಿ ನಗುತ್ತಾರೆ, ಹನ್ನೆರಡನೇ ದಂಡಿನ ಚಿತ್ರ ಹಾಕಿ, ಅದರ ಜೊತೆಗೇ ಬಿಡುಗಡೆ ಮಾಡೋಣ, ಹೇಗೂ ಮುಂದಿನ ತಿಂಗಳಿಂದ ಹಳೇ ದಂಡುಗಳನ್ನೆಲ್ಲ ಮುಚ್ಚುತ್ತಿದ್ದೇವೆ ಅಂದರು. ಮುಚ್ಚಿದರೆ ಇವರ ಕನ್ನಡಕದ ಮೂರನೆಯದೂ ನಿಲ್ಲುತ್ತಿತ್ತು, ಅದು ನಡೆಯುವುದೇ ನಮ್ಮ ಕಂಪನಿಯ ಯಂತ್ರಗಳಿಂದ. ಮೀಟಿಂಗಿನಲ್ಲಿ ನಾನು ಏನೂ ಅನ್ನಲಿಲ್ಲ. ಮನೆಯಲ್ಲಿ ಅಷ್ಟು ಮಾತಾಡಿ ಆಫೀಸಿನಲ್ಲಿ ಬಾಯಿಗೆ ಬಿಡುವು ಕೊಡುವ ರೂಢಿಯಾಗಿಬಿಟ್ಟಿತ್ತು. ಮತ್ತೆ, ನಿಜ ಹೇಳಬೇಕೆಂದರೆ, ನನಗೂ ಆಸೆ ಇತ್ತು. ನನ್ನ ಚಿತ್ರಗಳಲ್ಲಿ ಇವರಿಗೆ ಲೋಕ ಕಂಡರೆ ಅದಕ್ಕಿಂತ ದೊಡ್ಡದು ಇನ್ನೇನಿದೆ?

ಪ್ರಯೋಗಾಲಯದಲ್ಲಿ ಹನ್ನೆರಡನ್ನು ಹಾಕಿದ ಕನ್ನಡಕವನ್ನು ಇವರಿಗೆ ಕೊಟ್ಟರು. ಕಟ್ಟಿಯವರೂ ಬಂದಿದ್ದರು. ಇವರು ಹಾಕಿಕೊಂಡು ನಿಧಾನಕ್ಕೆ ಸುತ್ತ ನೋಡಿದರು. ನಫೀಸಾ ಮೇಜಿನ ಮೇಲೆ ಹಣ್ಣಿನ ಬುಟ್ಟಿ ಇಟ್ಟಿದ್ದರು. ಗಾಜಿನ ಮೇಲೆ ಅದು ಹನ್ನೆರಡನೇ ದಂಡಿನ ಧಾನ್ಯದ ರಾಶಿಯಾಗಿ ಬಂದಿತ್ತು, ಕಾಳು ಕಾಳಿನ ಮೇಲೂ ಬಿಸಿಲು ಬಿದ್ದದ್ದು. ಆ ರಾಶಿಗೆ ನನ್ನ ಹುಡುಗರು ಒಂದು ವರ್ಷ ದುಡಿದಿದ್ದರು.

"ಚಂದ ಐತಿ," ಅಂದರು ಇವರು. "ಭಾಳ ಚಂದ ಐತಿ ಕಸ್ತೂರಿ. ಏನದು?"

ಇವರು ಎದ್ದು ಒಂದು ಹೆಜ್ಜೆ ಇಟ್ಟು, ಕುರ್ಚಿಯ ಬೆನ್ನು ಹಿಡಿದು, ಅಲ್ಲೇ ನಿಂತರು. ಕಾಯಿಲೆಯ ಮೊದಲ ವಾರದ ಹಾಗೆ. ಮಾತಾಡು ಅಂದರು ನನಗೆ. ಹದಿನೇಳೊಂದ್ಲೆ ಹದಿನೇಳು ಅಂತ ಶುರುಮಾಡಿದೆ. ಕಟ್ಟಿಯವರು ಗಾಬರಿಯಾಗಿ ನನ್ನ ಮುಖ ನೋಡಿದರು.

ಜೀವಮಾನವಿಡೀ ಇವರ ಜೊತೆ ವಾದ ಮಾಡಿದ್ದೆ. ಸೋತದ್ದು ಅವತ್ತು. ಸೋತ ನನ್ನ ಮುಖ ನೋಡಿ ಖುಷಿಪಡುವುದಕ್ಕೂ ಇವರಿಗೆ ಆಗಲಿಲ್ಲ.

ಮರುದಿನ ಕಟ್ಟಿಯವರ ಕೋಣೆಗೆ ಹೋಗಿ ಕೂತೆ. ಹಳೇ ದಂಡು ಮುಚ್ಚಬೇಡಿ ಅಂದೆ. ಅವರಿಗೆ ಆಶ್ಚರ್ಯ. "ಚಿತ್ರಾನೇ ಜೀವಾಳ ಅಂತ ಇಷ್ಟು ವರ್ಷ ನನಗ ಹೇಳಿದವ್ರು ನೀವs ಅಲ್ಲೇನ್ರಿ?" ಅಂದರು.

ಹೌದು ಅಂದೆ. ಚಿತ್ರ ನೋಡಿ ಹೊಸಬ ಬಾಗಿಲಿಗೆ ಬರುತ್ತಾನೆ, ಅದು ಖರೆ, ಆ ಮಾತು ಈಗಲೂ ಬಿಡುವುದಿಲ್ಲ. ಆದರೆ ಒಳಗೆ ಬಂದು ನಾಲ್ಕು ದಿನ ಆಡಿದ ಮೇಲೆ ಅವನು ಚಿತ್ರ ನೋಡುವುದಿಲ್ಲ. ಕಣಜ ಎಲ್ಲಿ, ಬಾವಿ ಎಲ್ಲಿ, ಎದುರಾಳಿ ಎಲ್ಲಿ, ಅಷ್ಟೇ ನೋಡುತ್ತಾನೆ. ವರ್ಷಗಟ್ಟಲೆ ಆಡಿದವನಿಗೆ ಅದು ಎರಡನೇ ಓನಾಮವಾಗಿರುತ್ತದೆ. ನಫೀಸಾ ಅವರ ಹತ್ತಿರ ಗದಗಿನಿಂದ ಒಬ್ಬ ಟೀಚರಮ್ಮ ಬರುತ್ತಾರೆ, ಇದೇ ಕಾಯಿಲೆ, ಅವರು ಆಡಿದ್ದು ಏಳನೇ ದಂಡು. ಅವರಿಗೆ ನಮ್ಮವರ ಮೂರು ಹಾಕಿದರೆ ಏನೂ ತಿಳಿಯಲಿಲ್ಲ. ಏಳು ಹಾಕಿದ ಕೂಡಲೇ ತಮ್ಮ ಕೈಚೀಲ ತಾವೇ ಎತ್ತಿಕೊಂಡರು.

ಹಾಗಾದರೆ ಹನ್ನೆರಡೂ ದಂಡುಗಳನ್ನು ಇಟ್ಟುಕೊಂಡು ಕೂಡಬೇಕೇನು ಅಂತ ಕಟ್ಟಿಯವರು ಕೇಳಿದರು. ಕೂಡಬೇಕು ಅಂದೆ. ನಾಳೆ ಹನ್ನೆರಡನೆಯದು ಆಡುವ ಹುಡುಗರಿಗೂ ವಯಸ್ಸಾಗುತ್ತದಲ್ಲ. ಕೊನೆಗೆ ಒಪ್ಪಿದರು, ಆದರೆ ಹಳೆಯದಕ್ಕೆ ಬೇರೆ ಮಂದಿ ಕೊಡಲು ಆಗುವುದಿಲ್ಲ, ನೀವೇ ನೋಡಿಕೊಳ್ಳಬೇಕು ಅಂದರು. ಹೊರುವವಳ ಮೇಲೆ ಇನ್ನೊಂದು ಮೂಟೆ. ಆಗಲಿ ಅಂದೆ.

ಇನ್ನು ನನ್ನ ಮಗ್ಗಿಯೊಂದು ಬಗೆಹರಿಯಬೇಕಿತ್ತು. ಒಂದು ರಜೆಯ ದಿನ ಕೂತು ನನ್ನದೇ ಚೌಕ ಬರೆದೆ. ಹನ್ನೆರಡು ದಂಡಿನ ವಿದ್ಯೆಯನ್ನೆಲ್ಲ ಆ ಅಂಗುಲದೊಳಗೆ ತುರುಕಿದೆ. ತುರುಬು ಬಂತು, ಮೂಗುತಿ ಬಂತು, ಕೆನ್ನೆಯ ಮೇಲೆ ಬೆಳಕು ಬಂತು. ನನಗೇ ಹೆಮ್ಮೆಯಾಯಿತು. ಇವರಿಗೆ ತೋರಿಸಿದರೆ, ಏನೋ ಚುಕ್ಕಿ ಚೆಲ್ಲಿದೆ ಅಂದರು. ಮತ್ತೆ ಬರೆದೆ, ಮತ್ತೂ ಚುಕ್ಕಿ. ಹೊಸದು ಏನು ಬರೆದರೂ ಆ ಅಕ್ಷರಗಳ ಮನೆಗೆ ಈಗ ಹೋಗಿ ಸೇರುವುದಿಲ್ಲ ಅಂತ ನಫೀಸಾ ಮೆಲ್ಲಗೆ ಹೇಳಿದರು. ಹಳೆಯದರಲ್ಲೇ ಒಂದನ್ನು ನನಗಾಗಿ ಮೀಸಲಿಡಬೇಕು. ಬೇರೆ ಆಳುಗಳಲ್ಲಿ ನನ್ನನ್ನು ಯಂತ್ರ ಗುರುತಿಸುವಂತೆ ಕೊರಳಿಗೆ ಗುಂಡಿಯಷ್ಟು ದೊಡ್ಡ ಒಂದು ಟ್ಯಾಗ್ ಕೊಟ್ಟರು, ನಾನೆಲ್ಲಿದ್ದೇನೆ ಅಂತ ಅದು ಕನ್ನಡಕಕ್ಕೆ ಹೇಳುತ್ತದೆ. ಯಾವ ಚೌಕ ಅನ್ನುವುದನ್ನು ಇವರನ್ನೇ ಕೇಳಿದರು.

ಕಣಜ ಅನ್ನಬಹುದು ಅಂದುಕೊಂಡೆ. ಮನೆ ತುಂಬಿಸಿದವಳು ನಾನು. ಬಾವಿ ಅಂದರೂ ಸೈ. ಹೇರಿನೆತ್ತು ಅಂದಿದ್ದರೂ ಒಪ್ಪುತ್ತಿದ್ದೆ, ಅದರಲ್ಲಿ ಸುಳ್ಳೇನಿರಲಿಲ್ಲ.

ಇವರು ಯೋಚನೆ ಕೂಡ ಮಾಡಲಿಲ್ಲ. "ಎದುರಾಳಿ ಬಾವುಟ ಹಾಕ್ರಿ," ಅಂದರು.

ನಫೀಸಾ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು, ಹಾಗೇ ಹಾಕಿಯೂ ಕೊಟ್ಟರು. ನನಗೆ ಮೈಯೆಲ್ಲ ಉರಿಯಿತು. ಎಂಟು ತಿಂಗಳು ಗಂಟಲು ಹರಿದುಕೊಂಡವಳು ಇವರಿಗೆ ಎದುರಾಳಿ! ಹುಬ್ಬಳ್ಳಿಯವರೆಗೆ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತೆ. ಆದರೂ ರೂಢಿ ಬಿಡಲಿಲ್ಲ; ನವಲೂರು ಬಂತು, ರಾಯಾಪುರ ಬಂತು ಅಂತ ಹಲ್ಲು ಕಚ್ಚಿಕೊಂಡು ಹೇಳುತ್ತಿದ್ದೆ. ಇವರು ಹ್ಞೂಂ, ಹ್ಞೂಂ ಅನ್ನುತ್ತಿದ್ದರು.

ಮನೆಗೆ ಬಂದು ಇವರನ್ನು ಪಡಸಾಲೆಯ ಕುರ್ಚಿಯಲ್ಲಿ ಕೂಡಿಸಿ ಅಡುಗೆಮನೆಗೆ ಹೋದೆ. ಹೋಗಿ, ಬಾಯಿ ಮುಚ್ಚಿದೆ. ಬೇಕಂತಲೇ. ಹೆದರಿಕೊಂಡರೆ ಹೆದರಿಕೊಳ್ಳಲಿ, ಕೂಗಿದರೆ ಕೂಗಲಿ, ಎದುರಾಳಿಗೇನು. ಪಾತ್ರೆ ಕೂಡ ಸಪ್ಪಳವಾಗದಂತೆ ಇಟ್ಟೆ. ಕಾದೆ. ಪಡಸಾಲೆಯಿಂದ ಒಂದು ಮಾತಿಲ್ಲ. ಹಿತ್ತಲ ಬಾಗಿಲು ದಾಟಿ ಹೊರಗೆ ಬಂದೆ. ಆಗಲೂ ಇಲ್ಲ. ಈಗ ಹೆದರಿಕೆಯಾದದ್ದು ನನಗೆ. ಮನೆಯ ಬದಿಯಿಂದ ಬಳಸಿ ಹೋಗಿ ಪಡಸಾಲೆಯ ಕಿಟಕಿಯಲ್ಲಿ ಇಣುಕಿದೆ. ಇವರು ಕನ್ನಡಕ ಹಾಕಿಕೊಂಡು ಆರಾಮವಾಗಿ ಕೂತಿದ್ದರು, ಮುಖ ನೆಟ್ಟಗೆ ಕಿಟಕಿಯ ಕಡೆಗೇ ಇತ್ತು. ನಾನು ಗೋಡೆಗೆ ಮರೆಯಾಗಿ ಹಿತ್ತಲಿನತ್ತ ಸರಿದೆ, ಮೂಲೆಯ ಸಣ್ಣ ಕಿಟಕಿಯಿಂದ ಮತ್ತೆ ನೋಡಿದೆ. ಮುಖ ಗೋಡೆಯುದ್ದಕ್ಕೂ ನನ್ನ ಜೊತೆಗೇ ತಿರುಗಿ ಬಂದಿತ್ತು.

ಕೊನೆಗೆ ಬರೆದದ್ದು ಎಲ್ಲದರ ಮೇಲೆ ಕೂಡುತ್ತದೆ. ನಾಲ್ಕನೆಯದರಲ್ಲಿ ಅದನ್ನು ತಿದ್ದಿದವಳು ನಾನೇ, ಇವರ ಕನ್ನಡಕದಲ್ಲಿರುವುದು ಮೂರನೆಯದು ಅಂತ ಮರೆತವಳೂ ನಾನೇ.

ಹಿತ್ತಲಿಗೆ ಹೋಗಿ ಒಗೆಯುವ ಕಲ್ಲಿನ ಮೇಲೆ ಕೂತೆ. ಬಾಯಿ ತಾನಾಗಿಯೇ ತೆರೆಯಿತು. "ನಾ ಎಲ್ಲಿ ಅದೀನಿ ಹೇಳ್ರಿ ನೋಡೂಣು," ಅಂದೆ.

ಒಳಗಿನಿಂದ ದನಿ ಬಂತು. "ಹಿತ್ತಲದಾಗ, ಒಗಿಯೋ ಕಲ್ಲಿನ ಮ್ಯಾಲ. ಕಾಣಾಕತ್ತೀ. ಮಾತಾಡಬ್ಯಾಡ ಈಗ, ಭಾಳ ದಣದೀ. ಸುಮ್ಮನ ಕುಂದ್ರು."

ಸುಮ್ಮನೆ ಕೂತೆ.